ಅಪಾರ್ಟ್‌ಮೆಂಟ್ ನಡೆಸೋ ಟೀಮಲ್ಲಿ ಕಿವಿಗೊಟ್ಟು ಕೇಳೋ ಲೀಡರ್ ಆಗೋದು ಹೇಗೆ: ಎಸ್ಟೇಟ್ ಮ್ಯಾನೇಜರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಲ್ಲಿ ಮುನ್ನೂರು ಫ್ಲಾಟ್ ಇರೋ ಒಂದು ಅಪಾರ್ಟ್‌ಮೆಂಟ್ ತಗೊಳ್ಳಿ. ಸಂಪಲ್ಲಿ ನೀರು ದಿನಾ ಇಳಿಯೋದಕ್ಕಿಂತ ಬೇಗ ಇಳೀತಿದೆ ಅನ್ನೋದು ಮೊದಲು ಗೊತ್ತಾಗೋದು ಪಂಪ್ ಆಪರೇಟರ್‌ಗೆ. ಬಿ ಬ್ಲಾಕ್ ಲಿಫ್ಟು ಮೂರನೇ ಫ್ಲೋರಲ್ಲಿ ಅರ್ಧ ಇಂಚು ಕೆಳಗೆ ನಿಲ್ತಿದೆ ಅನ್ನೋದು ಮೊದಲು ಗೊತ್ತಾಗೋದು ಕಸದ ಡ್ರಮ್ ಎಳ್ಕೊಂಡು ಹೋಗೋ ಹೌಸ್‌ಕೀಪಿಂಗ್ ಅಕ್ಕನಿಗೆ, ಯಾಕಂದ್ರೆ ಡ್ರಮ್ಮಿನ ಗಾಲಿ ದಿನಾ ಅಲ್ಲೇ ತಗುಲತ್ತೆ. ಟ್ಯಾಂಕರ್ ಪೂರ್ತಿ ತುಂಬಿ ಬಂದಿಲ್ಲ ಅನ್ನೋದು ಗೇಟಲ್ಲಿರೋ ಸೆಕ್ಯುರಿಟಿಗೆ ಗೊತ್ತು. ಇವರು ಯಾರ ಕೈಯಲ್ಲೂ ನೂರು ರೂಪಾಯಿ ಖರ್ಚು ಮಾಡೋ ಅಧಿಕಾರ ಇಲ್ಲ. ಅಧಿಕಾರ ಇರೋದು ಮ್ಯಾನೇಜಿಂಗ್ ಕಮಿಟಿಗೆ, ಅವರು ಮೀಟಿಂಗ್ ಮಾಡೋದು ತಿಂಗಳಿಗೊಂದ್ಸಲ, ಅದೂ ಆಫೀಸ್ ಮುಗಿಸ್ಕೊಂಡು ಸುಸ್ತಾಗಿ ಬಂದ ಮೇಲೆ. ಸುದ್ದಿ ಕೆಳಗೆ, ದುಡ್ಡು ಮೇಲೆ, ಮಧ್ಯದಲ್ಲಿ ನೀವು.

ಹಾಗಾಗಿ ಎಸ್ಟೇಟ್ ಮ್ಯಾನೇಜರ್, ಫೆಸಿಲಿಟಿ ಮ್ಯಾನೇಜರ್, ಪ್ರಾಪರ್ಟಿ ಮ್ಯಾನೇಜರ್ ಅಂತ ಬೋರ್ಡಲ್ಲಿ ಏನೇ ಬರ್ದಿರ್ಲಿ, ನಿಮ್ಮ ಕೆಲಸದ ಮುಖ್ಯ ಭಾಗ ಕೆಳಗಿನ ಸುದ್ದಿ ಕೆಡೋಕೆ ಮುಂಚೆ ಕಿವಿಗೆ ಹಾಕ್ಕೊಂಡು ಮೇಲಕ್ಕೆ ಸರಿಯಾಗಿ ತಲುಪ್ಸೋದು. ಇದನ್ನ ಒಳ್ಳೇ ಸ್ವಭಾವ ಅಂತ ಬಿಟ್ಬಿಡ್ತಾರೆ ಜನ, ನನ್ನ ಪ್ರಕಾರ ಇದು ಡಿಜಿ (ಡೀಸೆಲ್ ಜನರೇಟರ್) ಸರ್ವೀಸ್ ಥರಾನೇ ಟೈಮ್ ಇಟ್ಕೊಂಡು ಮಾಡೋ ಕೆಲಸ, ಯಾರು ಬೇಕಾದ್ರೂ ಕಲೀಬಹುದು. ಹೇಗೆ ಅಂತ ಒಂದೊಂದಾಗಿ ಹೇಳ್ತೀನಿ.

ಹೆಜ್ಜೆ 1: ಯಾರಿಗೆ ಏನು ಮೊದಲು ಗೊತ್ತಾಗತ್ತೆ ಅಂತ ಪಟ್ಟಿ ಮಾಡಿ

ಒಂದು ಹಾಳೆ ತಗೊಂಡು ಎಡಗಡೆ ಜನ, ಬಲಗಡೆ ಅವರ ಕಣ್ಣಿಗೆ ಬೀಳೋ ವಿಷಯ ಬರೀರಿ. ಡೆಸಿಗ್ನೇಶನ್ ನೋಡಿ ಬರೀಬೇಡಿ, ಅವರು ದಿನಾ ಎಲ್ಲೆಲ್ಲಿ ಓಡಾಡ್ತಾರೆ ಅಂತ ನೋಡಿ ಬರೀರಿ. ಮೆಟ್ಟಿಲು ಒರೆಸೋರಿಗೆ ಡಕ್ಟ್ ಒಳಗಿನ ವಾಸನೆ, ಗೋಡೆ ತೇವ, ಯಾವ ಮನೆ ಮುಂದೆ ಎರಡು ದಿನದ ಹಾಲಿನ ಪ್ಯಾಕೆಟ್ ಹಾಗೇ ಬಿದ್ದಿದೆ ಎಲ್ಲ ಗೊತ್ತು (ವಯಸ್ಸಾದವರು ಒಬ್ರೇ ಇರೋ ಫ್ಲಾಟ್ ಆದ್ರೆ ಈ ಸುದ್ದಿ ಜೀವದ ಪ್ರಶ್ನೆ). ಗಾರ್ಡನರ್‌ಗೆ ಯಾವ ಸ್ಪ್ರಿಂಕ್ಲರ್ ಲೈನ್ ಒಡೆದಿದೆ ಗೊತ್ತು, ಕಸ ಸೆಗ್ರಿಗೇಟ್ ಮಾಡೋರಿಗೆ ಯಾವ ಬ್ಲಾಕಿಂದ ಹಸಿ ಕಸದ ಜೊತೆ ಡಯಾಪರ್ ಬರತ್ತೆ ಅಂತ ಗೊತ್ತು.

ನಿಮ್ಮ ಪೇರೋಲ್‌ನಲ್ಲಿ ಇಲ್ಲದೇ ಇರೋರನ್ನೂ ಸೇರಿಸಿ. ಕಾರು ತೊಳೆಯೋ ಹುಡುಗರು, ಮನೆಕೆಲಸದವರು, ಪೇಪರ್ ಹಾಕೋರು, ಇಸ್ತ್ರಿ ಅಂಗಡಿಯವರು. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಆದಾಗ ಜಲಮಂಡಳಿ ಕುಡಿಯೋ ನೀರಲ್ಲಿ ಕಾರು ತೊಳೆದ್ರೆ, ಗಾರ್ಡನ್‌ಗೆ ಬಿಟ್ರೆ 5000 ರೂಪಾಯಿ ದಂಡ ಅಂತ ಆರ್ಡರ್ ಹೊರಡಿಸ್ತು ನೆನಪಿರಬಹುದು, ನಲ್ಲಿಗೆ ಏರೇಟರ್ (ನೀರು ಉಳಿಸೋ ಜಾಲರಿ) ಹಾಕ್ಸಿ ಅಂತಾನೂ ಹೇಳಿದ್ರು. ಆಗ ಒಂದು ಅಪಾರ್ಟ್‌ಮೆಂಟಲ್ಲಿ ಓನರ್‌ಗಳಿಗೆಲ್ಲ ಸರ್ಕ್ಯುಲರ್ ಮೇಲೆ ಸರ್ಕ್ಯುಲರ್ ಹೋಯ್ತು, ಆದ್ರೂ ಬೇಸ್‌ಮೆಂಟಲ್ಲಿ ಕಾವೇರಿ ನೀರಲ್ಲೇ ಕಾರು ತೊಳೆಯೋದು ನಿಲ್ಲಲಿಲ್ಲ. ಕೊನೆಗೆ ಯಾರೋ ಒಬ್ರು ಕಾರು ತೊಳೆಯೋ ಹುಡುಗನ್ನೇ ಕೇಳಿದ್ರು. ಅವನು ಹೇಳಿದ್ದು ಇಷ್ಟೇ: "ಅಣ್ಣ, ಟ್ರೀಟೆಡ್ ನೀರಿನ ನಲ್ಲಿ ರ‍್ಯಾಂಪ್ ಹತ್ರ ಒಂದೇ ಇರೋದು. ಬೆಳಗ್ಗೆ ಏಳರೊಳಗೆ ಇಪ್ಪತ್ತು ಕಾರು ಮುಗಿಸ್ಬೇಕು, ಅಲ್ಲಿಂದ ಬಕೆಟ್ ಹೊರೋಕಾಗತ್ತಾ?" ಟ್ರೀಟೆಡ್ ಲೈನಿಂದ (ಕೊಳಚೆ ನೀರು ಶುದ್ಧ ಮಾಡಿ ಬಿಡೋ ಲೈನು) ಇನ್ನೆರಡು ಕಡೆ ನಲ್ಲಿ ಎಳೆಸಿದ್ರು, ಅಲ್ಲಿಗೆ ಸಮಸ್ಯೆ ಮುಗೀತು. ನಲ್ಲಿ ತಿರುಗಿಸೋ ಕೈ ಯಾವುದೋ ಅವರನ್ನ ಕೇಳ್ಬೇಕು, ಸರ್ಕ್ಯುಲರ್ ಓದೋರನ್ನಲ್ಲ.

ಹೆಜ್ಜೆ 2: ಅವರ ಜಾಗಕ್ಕೆ ಹೋಗಿ, ಅವರ ಟೈಮಿಗೆ ಹೋಗಿ

ಆಫೀಸ್ ರೂಮಲ್ಲಿ ನೀವು ಚೇರಲ್ಲಿ ಕೂತು ಅವರು ಕೈಕಟ್ಕೊಂಡು ನಿಂತ್ಕೊಂಡ್ರೆ ಬರೋ ಉತ್ತರ ಒಂದೇ, "ಎಲ್ಲ ಸರಿ ಇದೆ ಸಾರ್." ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ಆಪರೇಟರ್ ಜೊತೆ ಮಾತಾಡ್ಬೇಕು ಅಂದ್ರೆ ಎಸ್‌ಟಿಪಿ ರೂಮಿಗೆ ಇಳೀರಿ. ಅಲ್ಲಿ ಅವನು ಕೈ ತೋರ್ಸಿ ಮಾತಾಡ್ತಾನೆ, ಆ ಪಂಪು ನೋಡಿ, ಈ ನೊರೆ ನೋಡಿ ಅಂತ. ನೊರೆ ಬಿಳೀ ಇದ್ಯಾ ಕಂದು ಬಣ್ಣ ಇದ್ಯಾ, ಒಂದು ಲೀಟರ್ ಜಾರಲ್ಲಿ ಅರ್ಧ ಗಂಟೆ ಬಿಟ್ರೆ ಕೆಸರು ಎಲ್ಲೀವರ್ಗೆ ಕೂರತ್ತೆ, ಇದೆಲ್ಲ ಅವನಿಗೆ ಬಾಯಲ್ಲಿ ವಿವರ್ಸೋಕೆ ಬರದೇ ಇರಬಹುದು, ತೋರ್ಸೋಕಂತೂ ಬರತ್ತೆ.

ಟೈಮ್ ವಿಷಯ ಇನ್ನೂ ಮುಖ್ಯ. ಸುಮಾರು ಸೈಟುಗಳಲ್ಲಿ ಸೆಕ್ಯುರಿಟಿ ಶಿಫ್ಟ್ ಹನ್ನೆರಡು ಗಂಟೆ, ಬೆಳಗ್ಗೆ ಎಂಟರಿಂದ ರಾತ್ರಿ ಎಂಟು, ಆಮೇಲೆ ಉಲ್ಟಾ. ನೀವು ಒಂಬತ್ತೂವರೆಗೆ ಬಂದ್ರೆ ನೈಟ್ ಶಿಫ್ಟಿನ ಮುಖಾನೇ ನೋಡಲ್ಲ, ಅಂದ್ರೆ ದಿನದ ಅರ್ಧ ಭಾಗ ನಿಮ್ಮ ಪಾಲಿಗೆ ಕತ್ತಲೆ. ವಾರದಲ್ಲಿ ಎರಡು ದಿನ ಏಳೂಮುಕ್ಕಾಲಿಗೆ ಬನ್ನಿ, ಹ್ಯಾಂಡೋವರ್ ಆಗೋವಾಗ ಪಕ್ಕದಲ್ಲಿ ಸುಮ್ನೆ ನಿಂತ್ಕೊಳ್ಳಿ. ರಿಜಿಸ್ಟರಲ್ಲಿ ಬರೆಯೋದು ಒಂದು, ಬಾಯಲ್ಲಿ ಒಬ್ಬರಿಗೊಬ್ಬರು ಹೇಳ್ಕೊಳ್ಳೋದು ಇನ್ನೊಂದು ಅಂತ ಅಲ್ಲೇ ಗೊತ್ತಾಗತ್ತೆ. ರಿಜಿಸ್ಟರಲ್ಲಿ "ನಾರ್ಮಲ್" ಅಂತ ಇರತ್ತೆ, ಬಾಯಲ್ಲಿ "ಹಿಂದಿನ ಗೇಟ್ ಲೈಟ್ ಮತ್ತೆ ಹೋಗಿದೆ, ಟಾರ್ಚ್ ಇಟ್ಕೋ" ಅಂತಿರತ್ತೆ.

ಹೌಸ್‌ಕೀಪಿಂಗ್‌ನವರ ಜೊತೆಗಾದ್ರೆ ತಿಂಡಿ ಟೈಮ್ ಮುಗಿಯೋ ಹೊತ್ತಿಗೆ ಹೋಗಿ. ತಿಂಡಿ ತಿನ್ನೋವಾಗ ಹೋಗ್ಬೇಡಿ, ಆ ಹದಿನೈದು ನಿಮಿಷ ಅವರದ್ದು.

ಹೆಜ್ಜೆ 3: ಹೌದು-ಇಲ್ಲ ಅಂತ ಮುಗಿದೋಗೋ ಪ್ರಶ್ನೆ ಬಿಡಿ

ಒಂದೇ ಎಸ್‌ಟಿಪಿ ಆಪರೇಟರ್, ಒಂದೇ ಬೆಳಗ್ಗೆ, ಎರಡು ಥರ ಪ್ರಶ್ನೆ, ವ್ಯತ್ಯಾಸ ನೋಡಿ (ಬ್ಲೋವರ್ ಅಂದ್ರೆ ಟ್ಯಾಂಕಿಗೆ ಗಾಳಿ ಊದೋ ಮಶೀನು).

"ರಾತ್ರಿ ಎಲ್ಲ ಸರಿ ಇತ್ತಾ?"
"ಇತ್ತು ಸಾರ್."

ಅದೇ ಮನುಷ್ಯನ ಹತ್ರ ಹೀಗೆ:

"ರಾತ್ರಿ ಬ್ಲೋವರ್ ಎಷ್ಟು ಸಲ ಟ್ರಿಪ್ ಆಯ್ತು?"
"ಎರಡು ಸಲ ಸಾರ್. ಒಂದು ಗಂಟೆಗೊಂದ್ಸಲ, ನಾಲ್ಕಕ್ಕೊಂದ್ಸಲ. ರೀಸೆಟ್ ಹೊಡ್ದೆ, ಓಡ್ತು."
"ಸೌಂಡ್ ಹೇಗಿತ್ತು?"
"ಅದೇ ಸಾರ್, ಸೋಮವಾರದಿಂದ ಒಂಥರಾ ಮುಕ್ಕರಿತಾ ಇದೆ."

ಅವನು ಮೊದಲನೇ ಸಲ ಸುಳ್ಳು ಹೇಳ್ಲಿಲ್ಲ. ರೀಸೆಟ್ ಮಾಡಿದ್ಮೇಲೆ ಓಡ್ತು, ಹಾಗಾಗಿ ಅವನ ಲೆಕ್ಕದಲ್ಲಿ ಸರಿ ಇತ್ತು. ಆದ್ರೆ ಬ್ಲೋವರ್ ಪದೇ ಪದೇ ಟ್ರಿಪ್ ಆಗ್ತಿದೆ ಅಂದ್ರೆ ಏರ್ ಫಿಲ್ಟರ್ ಕಟ್ಕೊಂಡಿರಬಹುದು, ಡಿಫ್ಯೂಸರ್ (ಟ್ಯಾಂಕಿನ ತಳದಲ್ಲಿ ಗಾಳಿ ಗುಳ್ಳೆ ಬಿಡೋ ಭಾಗ) ಬ್ಲಾಕ್ ಆಗಿ ಲೋಡ್ ಜಾಸ್ತಿ ಆಗಿರಬಹುದು, ಬೇರಿಂಗ್ ಹೋಗ್ತಿರಬಹುದು. ಗಾಳಿ ನಿಂತ್ರೆ ಟ್ಯಾಂಕಲ್ಲಿರೋ ಬ್ಯಾಕ್ಟೀರಿಯಾ ಸಾಯತ್ತೆ, ಕೊಳೆತ ಮೊಟ್ಟೆ ವಾಸನೆ ಶುರುವಾಗತ್ತೆ, ಫ್ಲಶ್ ನೀರು ಬಣ್ಣ ಬದಲಾಗತ್ತೆ, ಆಮೇಲೆ ಗ್ರೂಪಲ್ಲಿ ನೂರು ಮೆಸೇಜು. ಸೋಮವಾರದ ಸೌಂಡ್ ಸೋಮವಾರಾನೇ ಕಿವಿಗೆ ಬಿದ್ದಿದ್ರೆ ಫಿಲ್ಟರ್ ಕ್ಲೀನ್ ಮಾಡೋದ್ರಲ್ಲೇ ಮುಗಿದೋಗ್ತಿತ್ತು.

ಕೆಲವು ಪ್ರಶ್ನೆಗಳು ಯಾವಾಗ್ಲೂ ಕೆಲ್ಸಕ್ಕೆ ಬರತ್ತೆ. ನಿನ್ನೆಗಿಂತ ಇವತ್ತು ಏನು ಬೇರೆ ಥರ ಇತ್ತು? ಯಾವ ಕೆಲಸ ಎರಡೆರಡು ಸಲ ಮಾಡ್ಬೇಕಾಯ್ತು? ಯಾವ ಸಾಮಾನು ಖಾಲಿ ಆಗ್ತಾ ಬಂತು? ನನ್ನ ಜಾಗದಲ್ಲಿ ನೀನಿದ್ರೆ ಇವತ್ತು ಮೊದಲು ಯಾವುದನ್ನ ಸರಿ ಮಾಡ್ತಿದ್ದೆ? ಕೊನೇ ಪ್ರಶ್ನೆಗೆ ಮೊದಮೊದಲು ನಗ್ತಾರೆ, ಉತ್ತರ ಕೊಡಲ್ಲ, ಬಿಡದೇ ಕೇಳ್ತಾ ಇದ್ರೆ ಒಂದಿನ ಕೊಡ್ತಾರೆ, ಅದು ಸಾಮಾನ್ಯವಾಗಿ ನಿಮ್ಮ ಲಿಸ್ಟಲ್ಲಿ ಇಲ್ಲದೇ ಇರೋ ಐಟಮ್ಮೇ ಆಗಿರತ್ತೆ.

ಪ್ರಶ್ನೆ ಕೇಳಿದ್ಮೇಲೆ ಬಾಯಿ ಮುಚ್ಕೊಂಡು ಕಾಯಿರಿ. ನಮ್ಮಲ್ಲಿ ಸುಮಾರು ಮ್ಯಾನೇಜರ್‌ಗಳು ಪ್ರಶ್ನೇನೂ ಕೇಳಿ ಉತ್ತರಾನೂ ತಾವೇ ಹೇಳ್ಬಿಡ್ತಾರೆ, "ಫಿಲ್ಟರ್ ಕ್ಲೀನ್ ಮಾಡಿಲ್ವಾ? ಮಾಡಿರಲ್ಲ ಬಿಡು". ಅಲ್ಲಿಗೆ ಮಾತು ಸತ್ತೋಯ್ತು.

ಹೆಜ್ಜೆ 4: ಭಾಷೆ

ಬೆಂಗಳೂರಿನ ಒಂದು ಸೈಟಲ್ಲಿ ರಾಯಚೂರು, ಯಾದಗಿರಿ ಕಡೆಯ ಹೌಸ್‌ಕೀಪಿಂಗ್ ಅಕ್ಕಂದಿರು, ಅಸ್ಸಾಂ, ಒಡಿಶಾ, ಬಿಹಾರದ ಗಾರ್ಡ್‌ಗಳು, ತಮಿಳು ಮಾತಾಡೋ ಪ್ಲಂಬರ್, ತೆಲುಗಿನ ಗಾರ್ಡನರ್, ಎಲ್ಲ ಇರ್ತಾರೆ. ಎಲ್ಲರಿಗೂ ಒಂದೇ ಭಾಷೇಲಿ ಬ್ರೀಫಿಂಗ್ ಕೊಟ್ರೆ ಎಲ್ಲರೂ ತಲೆ ಆಡಿಸ್ತಾರೆ, ಅರ್ಥ ಆಗಿರೋದು ಅರ್ಧ ಜನಕ್ಕೆ. ಆದೇಶ ತಗೊಳ್ಳೋಕೆ ಅರೆಬರೆ ಭಾಷೆ ಸಾಕಾಗತ್ತೆ, ಕಷ್ಟ ಹೇಳ್ಕೊಳ್ಳೋಕೆ ಸಾಕಾಗಲ್ಲ.

ಇದಕ್ಕೆ ದೊಡ್ಡ ವ್ಯವಸ್ಥೆ ಏನೂ ಬೇಡ. ಪ್ರತಿ ಭಾಷೆಯವರ ಗುಂಪಲ್ಲಿ ಎರಡು ಭಾಷೆ ಬರೋ ಒಬ್ಬರನ್ನ ಗುರ್ತಿಸಿ (ಸೂಪರ್‌ವೈಸರ್ ಬೇಡ, ಯಾಕೆ ಅಂತ ಮುಂದಿನ ಹೆಜ್ಜೇಲಿ ಹೇಳ್ತೀನಿ). ಬರೆಯೋಕೆ ಬರಲ್ಲ ಅಂದ್ರೆ ಅವರ ಭಾಷೇಲೇ ವಾಟ್ಸಾಪ್ ವಾಯ್ಸ್ ನೋಟ್ ಕಳ್ಸೋಕೆ ಹೇಳಿ, ಫೋಟೋ ತೆಗ್ದು ಹಾಕೋಕೆ ಹೇಳಿ. ರಾಯಚೂರಿನ ಅಕ್ಕನ ಕನ್ನಡ ನಿಮ್ಮ ಕನ್ನಡದ ಥರ ಇಲ್ಲ ಅಂತ ಅವರ ಮುಂದೆ ನಗೋದು, ತಿದ್ದೋದು ಮಾಡ್ಬೇಡಿ. ಒಂದ್ಸಲ ನಕ್ರೆ ಮತ್ತೆ ಅವರು ನಿಮ್ಮ ಹತ್ರ ಬಾಯಿ ಬಿಡಲ್ಲ, ಇದನ್ನ ನಾನು ಕಣ್ಣಾರೆ ನೋಡಿದೀನಿ. ಮತ್ತೆ ವಯಸ್ಸಲ್ಲಿ ದೊಡ್ಡವರನ್ನ ಏ ಬಾರಮ್ಮ, ಏ ಹೋಗೋ ಅನ್ನೋದು ಬಿಟ್ಟು ಅಕ್ಕ, ಅಣ್ಣ, ಬನ್ನಿ, ಹೋಗಿ ಅಂತ ಮಾತಾಡ್ಸಿ, ಹೆಸರು ಕರೀರಿ. "ಹೌಸ್‌ಕೀಪಿಂಗ್!" ಅಂತ ಕಾರಿಡಾರಲ್ಲಿ ಕೂಗೋ ಕಡೆ ಯಾರೂ ಬಂದು ಗೋಡೆ ತೇವದ ಸುದ್ದಿ ಹೇಳಲ್ಲ.

ಹೆಜ್ಜೆ 5: ಅವರು ಯಾಕೆ ಹೇಳಲ್ಲ ಅನ್ನೋದನ್ನ ಅರ್ಥ ಮಾಡ್ಕೊಳ್ಳಿ

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋ ಹೆಜ್ಜೆ ಇದು. ನಿಮ್ಮ ಸೈಟಲ್ಲಿ ಕೆಲಸ ಮಾಡೋ ಹೆಚ್ಚಿನ ಜನ ಅಸೋಸಿಯೇಷನ್ ನೌಕರರಲ್ಲ, ಏಜೆನ್ಸಿ ನೌಕರರು. ಸಂಬಳ ಕೊಡೋದು ಏಜೆನ್ಸಿ, ರಜೆ ಕೊಡೋದು ಏಜೆನ್ಸಿ ಸೂಪರ್‌ವೈಸರ್. ಗಾರ್ಡ್ ಒಬ್ಬ ನಿಮ್ಮ ಹತ್ರ ಬಂದು "ರಾತ್ರಿ ಇಬ್ಬರು ಇರಬೇಕಾದ ಪೋಸ್ಟಲ್ಲಿ ಒಬ್ಬನೇ ಇರ್ತೀನಿ ಸಾರ್" ಅಂದ ಅಂತಿಟ್ಕೊಳ್ಳಿ. ನೀವು ಒಳ್ಳೇ ಮನಸ್ಸಿಂದಾನೇ ತಕ್ಷಣ ಫೋನ್ ತೆಗ್ದು ಏಜೆನ್ಸಿಯವರಿಗೆ "ನಿಮ್ಮ ಇಂಥ ಗಾರ್ಡ್ ಹೀಗಂತಿದಾನೆ" ಅಂದ್ರೆ, ಮುಂದಿನ ವಾರ ಅವನಿಗೆ ಸೈಟ್ ಚೇಂಜ್. ಊರಾಚೆ ಯಾವುದೋ ಸೈಟು, ರೂಮಿಂದ ಎರಡು ಬಸ್ಸು. ಉಳಿದ ಗಾರ್ಡ್‌ಗಳೆಲ್ಲ ಅದನ್ನ ನೋಡ್ತಾರೆ, ಅಲ್ಲಿಂದ ಮುಂದೆ ನಿಮಗೆ ಸಿಗೋದು ಸೆಲ್ಯೂಟ್ ಮಾತ್ರ.

ಹಾಗಾಗಿ ಹೇಳಿದವರ ಹೆಸರು ನಿಮ್ಮಲ್ಲೇ ಇರಲಿ. ವಿಷಯವನ್ನ ನೀವೇ ಕಂಡುಹಿಡಿದ ಹಾಗೆ ಮುಂದಕ್ಕೆ ತಗೊಂಡು ಹೋಗಿ. ಮೇಲಿನ ಉದಾಹರಣೇಲಿ ಆದ್ರೆ ನೀವೇ ಒಂದು ರಾತ್ರಿ ರೌಂಡ್ಸ್ ಹೋಗಿ, ಎಲ್ಲಾ ಪೋಸ್ಟುಗಳ ಹಾಜರಿ ನೋಡಿ, ಆ ರಿಪೋರ್ಟ್ ಇಟ್ಕೊಂಡು ಏಜೆನ್ಸಿ ಜೊತೆ ಮಾತಾಡಿ. ಹಾಗೇ ವಾರಕ್ಕೊಂದ್ಸಲ ಆದ್ರೂ ಸೂಪರ್‌ವೈಸರ್ ಇಲ್ಲದೇ ಇರೋವಾಗ ಟೀಮ್ ಜೊತೆ ಮಾತಾಡಿ. ಸೂಪರ್‌ವೈಸರ್ ಕೆಟ್ಟವರು ಅಂತಲ್ಲ, ಅವರ ಮುಂದೆ ಅವರ ಬಗ್ಗೆ ಮಾತಾಡೋಕೆ ಯಾರಿಗೂ ಆಗಲ್ಲ ಅಷ್ಟೇ. ಸೂಪರ್‌ವೈಸರ್‌ಗೂ ಇದನ್ನ ಮೊದಲೇ ಹೇಳಿ, ಕದ್ದುಮುಚ್ಚಿ ಮಾಡಿದ್ರೆ ಅವರಿಗೆ ಬೇಜಾರಾಗತ್ತೆ, ಅದು ತಪ್ಪೂ ಅಲ್ಲ.

ಇನ್ನೊಂದು ಕಾರಣ ದಂಡದ ಭಯ. ಬಕೆಟ್ ಒಡೆದ್ರೆ ಸಂಬಳದಲ್ಲಿ ಕಟ್, ಗ್ಲಾಸ್ ಒಡೆದ್ರೆ ಕಟ್ ಅನ್ನೋ ಕಡೆ ಒಡೆದಿದ್ದು ಬಚ್ಚಿಡ್ತಾರೆ, ಬಚ್ಚಿಟ್ಟಿದ್ದು ಯಾರದೋ ಕಾಲಿಗೆ ಚುಚ್ಚತ್ತೆ. ತಾನಾಗೇ ಬಂದು ಹೇಳಿದ್ರೆ ದಂಡ ಇಲ್ಲ ಅಂತ ಕಮಿಟಿ ಹತ್ರ ಒಪ್ಪಿಸ್ಕೊಂಡು, ಬ್ರೀಫಿಂಗಲ್ಲಿ ಎಲ್ಲರ ಮುಂದೆ ಹೇಳಿ. ಮೊದಲನೇ ಸಲ ಯಾರೋ ಬಂದು "ಸಾರ್, ಪಂಪ್ ರೂಮ್ ಬೀಗ ಹಾಕೋದು ಮರ್ತೋಗಿತ್ತು ರಾತ್ರಿ" ಅಂದಾಗ ನಿಮ್ಮ ಮುಖ ಹೇಗಿರತ್ತೆ ಅನ್ನೋದ್ರ ಮೇಲೆ ಇಡೀ ವರ್ಷ ನಿಂತಿರತ್ತೆ. "ಹೇಳಿದ್ದು ಒಳ್ಳೇದಾಯ್ತು, ಈಗ ಹಾಕಿದ್ಯಾ? ಮರೀದೇ ಇರೋಕೆ ಏನು ಮಾಡೋಣ?" ಅನ್ನಿ, ಅಷ್ಟು ಸಾಕು.

ಹೆಜ್ಜೆ 6: ಕೇಳಿದ್ದನ್ನ ವಾಪಸ್ ಹೇಳಿ, ಬರ್ಕೊಳ್ಳಿ

ವಿಮಾನದ ಪೈಲಟ್‌ಗಳು ಕಂಟ್ರೋಲ್ ಟವರ್‌ನವರು ಕೊಟ್ಟ ಮುಖ್ಯ ಸೂಚನೆಗಳನ್ನ ವಾಪಸ್ ಹೇಳ್ಬೇಕು ಅಂತ ನಿಯಮಾನೇ ಇದೆ, ತಪ್ಪು ಕೇಳಿಸ್ಕೊಂಡಿದ್ರೆ ಅಲ್ಲೇ ಸಿಕ್ಕಿಬೀಳತ್ತೆ. ಇಲ್ಲೂ ಅದೇ ಮಾಡಿ. "ಅಂದ್ರೆ ಸಿ ಬ್ಲಾಕ್ ಓವರ್‌ಹೆಡ್ ಟ್ಯಾಂಕ್ ಬಾಲ್ ವಾಲ್ವ್ ಪೂರ್ತಿ ಮುಚ್ತಾ ಇಲ್ಲ, ರಾತ್ರಿ ಎರಡರಿಂದ ನೀರು ಹೋಗ್ತಿದೆ, ನೀನು ಕೈಯಲ್ಲಿ ವಾಲ್ವ್ ಕ್ಲೋಸ್ ಮಾಡಿ ಬಂದಿದ್ಯಾ, ಸರೀನಾ?" "ಸಿ ಅಲ್ಲ ಸಾರ್, ಡಿ." ನೋಡಿ, ಪ್ಲಂಬರ್ ತಪ್ಪು ಬ್ಲಾಕಿನ ಟೆರೇಸ್ ಹತ್ತೋದು ತಪ್ತು.

ಬರ್ಕೊಳ್ಳೋಕೆ ಆ್ಯಪಲ್ಲಿ ಟಿಕೆಟ್ ಇರತ್ತೆ, ಮೈಗೇಟು, ಅಡ್ಡಾ, ನೋಬ್ರೋಕರ್‌ಹುಡ್ ಯಾವುದಾದ್ರೂ ಒಂದು ಇದ್ದೇ ಇರತ್ತೆ, ಆದ್ರೆ ಅದೆಲ್ಲ ಮುಖ್ಯವಾಗಿ ರೆಸಿಡೆಂಟ್‌ಗಳ ದೂರಿಗೆ ಮಾಡಿದ್ದು. ಸ್ಟಾಫ್ ಹೇಳಿದ್ದಕ್ಕೆ ಬೇರೆ ಒಂದು ಉದ್ದ ನೋಟ್‌ಬುಕ್ ಇಡಿ, ನಾಲ್ಕು ಕಾಲಂ ಸಾಕು: ತಾರೀಖು, ಏನು ಹೇಳಿದ್ರು (ಅವರ ಮಾತಲ್ಲೇ), ಏನು ಮಾಡಿದ್ವಿ, ಅವರಿಗೆ ತಿಳಿಸಿದ್ದು ಯಾವತ್ತು. ಹೆಸರಿನ ಕಾಲಂ ಬೇಡ, ಯಾಕೆ ಅಂತ ಮೇಲೆ ಹೇಳಿದೀನಿ. ಅವರ ಮಾತಲ್ಲೇ ಅಂದಿದ್ದಕ್ಕೆ ಕಾರಣ ಇದೆ, "ಮುಕ್ಕರಿತಾ ಇದೆ" ಅಂದಿದ್ದನ್ನ ನೀವು "ಬ್ಲೋವರ್ ಇಶ್ಯೂ" ಅಂತ ಬರೆದ್ರೆ ಮೆಕ್ಯಾನಿಕ್‌ಗೆ ಬೇಕಾದ ಸುಳಿವೇ ಹೋಯ್ತು.

ಹೆಜ್ಜೆ 7: ವಾಪಸ್ ಹೋಗಿ ಉತ್ತರ ಕೊಡಿ, "ಇಲ್ಲ" ಆದ್ರೂ ಸರಿ

ಕೇಳಿ ಸುಮ್ಮನಾಗೋದು ಕೇಳದೇ ಇರೋದಕ್ಕಿಂತ ಕೆಟ್ಟದ್ದು. ಕೇಳದೇ ಇದ್ರೆ ಇವರಿಗೆ ಗೊತ್ತಿಲ್ಲ ಅನ್ಕೋತಾರೆ, ಕೇಳಿ ಏನೂ ಮಾಡದೇ ಇದ್ರೆ ಇವರಿಗೆ ಬೇಕಾಗಿಲ್ಲ ಅನ್ಕೋತಾರೆ. ಹೌಸ್‌ಕೀಪಿಂಗ್‌ನವರು ಬೇಸ್‌ಮೆಂಟ್ ಟಾಯ್ಲೆಟ್ ಬಾಗಿಲಿನ ಚಿಲಕ ಹೋಗಿದೆ ಅಂದ್ರು. ನೂರಿನ್ನೂರು ರೂಪಾಯಿ ಕೆಲಸ, ಇವತ್ತೇ ಮಾಡ್ಸಿ. ಇಂಥ ಚಿಕ್ಕದ್ದು ಬೇಗ ಆದ್ರೆ ದೊಡ್ಡದ್ದು ಹೇಳೋ ಧೈರ್ಯ ಬರತ್ತೆ. ಅದೇ ಅವರು ರೆಸ್ಟ್ ರೂಮ್ ಬೇಕು ಅಂದ್ರೆ ಕಮಿಟಿ ಒಪ್ಪಬೇಕು, ಟೈಮ್ ಹಿಡಿಯತ್ತೆ. ಆಗ "ನೋಡ್ತೀನಿ" ಅನ್ಬೇಡಿ. "ಹದಿನೈದನೇ ತಾರೀಖು ಮೀಟಿಂಗಲ್ಲಿ ಇಡ್ತೀನಿ, ಹದಿನಾರಕ್ಕೆ ಬಂದು ಏನಾಯ್ತು ಅಂತ ಹೇಳ್ತೀನಿ" ಅನ್ನಿ, ಹದಿನಾರಕ್ಕೆ ಹೋಗಿ, ಕಮಿಟಿ ಬೇಡ ಅಂದಿದ್ರೂ ಹೋಗಿ ಅದನ್ನೇ ಹೇಳಿ, ಕಾರಣಾನೂ ಹೇಳಿ.

ಹೆಜ್ಜೆ 8: ಸಿಟ್ಟಾಗಿ ಬರೋ ರೆಸಿಡೆಂಟ್

ಸೀಪೇಜ್ ಕೇಸ್ ತಗೊಳ್ಳೋಣ, ಯಾಕಂದ್ರೆ ಮ್ಯಾನೇಜರ್‌ಗಳ ನಿದ್ದೆ ಕೆಡಿಸೋದು ಇದೇ. ಕೆಳಗಿನ ಮನೆಯವರ ಬಾತ್‌ರೂಮ್ ಸೀಲಿಂಗಿಂದ ನೀರು ತೊಟ್ಟಿಕ್ತಿದೆ, ಮೇಲಿನ ಮನೆಯವರು ನಮ್ಮದಲ್ಲ ಅಂತಾರೆ, ಇಬ್ಬರಿಗೂ ಮಾತಿಲ್ಲ ಕಥೆಯಿಲ್ಲ. ಕೆಳಗಿನ ಮನೆ ಆಂಟಿ ಆಫೀಸಿಗೆ ಬಂದು "ನಾಲ್ಕು ತಿಂಗಳಾಯ್ತು, ಮೇಂಟೆನೆನ್ಸ್ ಮಾತ್ರ ಟೈಮಿಗೆ ಸರಿಯಾಗಿ ಕೇಳ್ತೀರಿ" ಅಂತ ಶುರು ಮಾಡಿದ್ರೆ, ಮೊದಲ ಮೂರು ನಿಮಿಷ ಸಮಜಾಯಿಷಿ ಕೊಡೋಕೆ ಹೋಗ್ಬೇಡಿ. ಟಿಕೆಟ್ ಕ್ಲೋಸ್ ಆಗಿತ್ತು, ಪ್ಲಂಬರ್ ಬಂದಿದ್ರು, ನೀವೇ ಮನೇಲಿರ್ಲಿಲ್ಲ, ಇವೆಲ್ಲ ನಿಜಾನೇ ಇರಬಹುದು, ಆಮೇಲೆ ಹೇಳಿ. ಕೂರ್ಸಿ, ನೀರು ಕೊಡಿ, ಪೆನ್ನು ತೆಗೀರಿ. ಬರ್ಕೊಳ್ಳೋ ಕೈ ನೋಡಿದ್ರೆ ಅರ್ಧ ಸಿಟ್ಟು ಅಲ್ಲೇ ಇಳಿಯತ್ತೆ.

ಆಮೇಲೆ ಕೇಳ್ಬೇಕಾದ್ದು: ನೀರು ಯಾವಾಗ್ಲೂ ಬೀಳತ್ತಾ, ಮೇಲಿನವರು ಸ್ನಾನ ಮಾಡೋ ಹೊತ್ತಿಗಾ? ಮಳೆ ಬಂದಾಗ ಜಾಸ್ತೀನಾ? ಮೇಲಿನವರು ಊರಿಗೆ ಹೋಗಿದ್ದಾಗ ನಿಂತಿತ್ತಾ? ಈ ಮೂರರ ಉತ್ತರದಲ್ಲೇ ಅರ್ಧ ರೋಗ ಗೊತ್ತಾಗತ್ತೆ. ಯಾವಾಗ್ಲೂ ಒಂದೇ ಸಮ ಬೀಳ್ತಿದ್ರೆ ಪ್ರೆಶರ್ ಲೈನ್ ಇರಬಹುದು, ಸ್ನಾನದ ಹೊತ್ತಿಗೆ ಮಾತ್ರ ಆದ್ರೆ ಡ್ರೈನ್ ಅಥವಾ ವಾಟರ್‌ಪ್ರೂಫಿಂಗ್, ಮಳೆಗೆ ಜಾಸ್ತಿ ಆದ್ರೆ ಹೊರಗಿನ ಗೋಡೆ, ಡಕ್ಟ್. ಆಂಟಿ ಸಿಟ್ಟಲ್ಲಿ ಹೇಳಿದ ಮಾತಿನ ಒಳಗೇ ಇದೆಲ್ಲ ಇರತ್ತೆ, ನೀವು ಉತ್ತರ ಕೊಡೋ ಆತುರದಲ್ಲಿದ್ರೆ ಕಿವಿಗೆ ಬೀಳಲ್ಲ.

ಮೇಲಿನ ಮನೆಗೂ ಹೋಗಿ, ಬರೀ ಕೈಯಲ್ಲಿ, ದೂರು ಹಿಡ್ಕೊಂಡು ಅಲ್ಲ. ಅವರ ಭಯ ಏನು ಅಂದ್ರೆ ಟೈಲ್ಸ್ ಎಲ್ಲ ಒಡೆಸ್ತಾರೆ, ಖರ್ಚು ತಮ್ಮ ತಲೆ ಮೇಲೆ ಬರತ್ತೆ ಅಂತ. ಅದನ್ನ ಅವರ ಬಾಯಲ್ಲೇ ಹೇಳಿಸಿ. ಆಮೇಲೆ ಡ್ರೈನ್ ಮುಚ್ಚಿ ಬಾತ್‌ರೂಮ್ ಫ್ಲೋರಲ್ಲಿ ಒಂದೆರಡು ಇಂಚು ನೀರು ನಿಲ್ಸಿ ಇಪ್ಪತ್ನಾಲ್ಕು ಗಂಟೆ ಬಿಟ್ಟು ನೋಡೋಣ, ಏನೂ ಒಡೆಯೋದಿಲ್ಲ ಅಂದ್ರೆ ಸಾಮಾನ್ಯವಾಗಿ ಒಪ್ತಾರೆ. ಟೆಸ್ಟ್ ದಿನ ಇಬ್ಬರನ್ನೂ ಕರೆದು ಒಟ್ಟಿಗೆ ತೋರ್ಸಿ, ಸೀಲಿಂಗ್ ಫೋಟೋ ಮುಂಚೆ ಒಂದು, ಆಮೇಲೆ ಒಂದು. ಆಮೇಲಿನ ಖರ್ಚಿನ ಮಾತು ಅಸೋಸಿಯೇಷನ್ ಬೈಲಾ (ನಿಯಮಾವಳಿ) ಪ್ರಕಾರ.

ಹೆಜ್ಜೆ 9: ವಾಟ್ಸಾಪ್ ಗ್ರೂಪಿನ ಗದ್ದಲ, ಗ್ರೂಪಲ್ಲಿ ಇಲ್ಲದವರು

ಗ್ರೂಪಲ್ಲಿ ದಿನಾ ಮಾತಾಡೋದು ಹತ್ತೋ ಹದಿನೈದೋ ಜನ. ಅವರನ್ನ ಕಡೆಗಣಿಸ್ಬೇಡಿ, ಆದ್ರೆ ಅವರೇ ಇಡೀ ಅಪಾರ್ಟ್‌ಮೆಂಟು ಅನ್ಕೊಳ್ಳಲೂಬೇಡಿ. ದಿನಕ್ಕೆ ಎರಡು ಹೊತ್ತು ಫಿಕ್ಸ್ ಮಾಡ್ಕೊಂಡು ಉತ್ತರ ಹಾಕಿ, ಮಧ್ಯ ಮಧ್ಯ ವಾದಕ್ಕಿಳೀಬೇಡಿ, ವೈಯಕ್ತಿಕ ಇದ್ರೆ ಫೋನ್ ಮಾಡಿ. ಓನರ್ಸ್ ಗ್ರೂಪಲ್ಲಿ ಬಾಡಿಗೆಯವರು ಇರೋದೇ ಇಲ್ಲ ಬಹಳ ಕಡೆ, ವಯಸ್ಸಾದವರು ಇದ್ರೂ ಬರೆಯಲ್ಲ. ವಾರಕ್ಕೆ ಒಂದು ಬ್ಲಾಕ್ ಅಂತ ಹಿಡ್ಕೊಂಡು ಇಂಥವರ ನಾಲ್ಕೈದು ಮನೆಗೆ ಹೋಗಿ ಐದು ನಿಮಿಷ ಮಾತಾಡ್ಸಿ. ವ್ಹೀಲ್‌ಚೇರಲ್ಲಿರೋ ಅಜ್ಜಿಗೆ ಲಾಬಿ ರ‍್ಯಾಂಪಿನ ಹತ್ರ ನಿಲ್ಲೋ ಡೆಲಿವರಿ ಬೈಕುಗಳಿಂದ ಎಷ್ಟು ಕಷ್ಟ ಅನ್ನೋದು ಯಾವ ಗ್ರೂಪಲ್ಲೂ ಬಂದಿರಲ್ಲ.

ಹೆಜ್ಜೆ 10: ಕಮಿಟಿಗೆ ತಲುಪಿಸೋದು

ಕಮಿಟಿಯವರ ಮಾತನ್ನೂ ಕೇಳ್ಬೇಕು, ಅವರು ಸಂಬಳ ಇಲ್ಲದೆ ದುಡಿಯೋರು, ಬೈಸ್ಕೊಳ್ಳೋರೂ ಅವರೇ. ಟ್ರೆಶರರ್ "ಈ ತಿಂಗಳು ಬೇಡ" ಅಂದ್ರೆ ಅದರ ಹಿಂದೆ ಏನಿದೆ ಅಂತ ಕೇಳಿ. ಕಲೆಕ್ಷನ್ ಬಂದಿಲ್ವಾ, ಎಜಿಎಂ (ವಾರ್ಷಿಕ ಸಭೆ) ಹತ್ರ ಬಂತಾ, ಮುಂಚೆ ಯಾವುದೋ ವೆಂಡರ್ ಕೈ ಕೊಟ್ಟಿದ್ನಾ. ಕಾರಣ ಗೊತ್ತಾದ್ರೆ ಪ್ರಪೋಸಲ್ ಅದಕ್ಕೆ ತಕ್ಕ ಹಾಗೆ ಮಾಡಬಹುದು.

ಕೆಳಗಿಂದ ಬಂದ ಸುದ್ದಿಯನ್ನ ಮೇಲೆ ಹೇಳೋವಾಗ ಸಕ್ಕರೆ ಹಚ್ಬೇಡಿ, ಖಾರಾನೂ ಹಾಕ್ಬೇಡಿ, ಜೊತೆಗೆ ಲೆಕ್ಕ ಇಡಿ. ಟ್ಯಾಂಕರ್ ಪೂರ್ತಿ ಬರ್ತಿಲ್ಲ ಅಂತ ಗೇಟಿಂದ ಸುಳಿವು ಸಿಕ್ರೆ ಸೀದಾ ಮೀಟಿಂಗಲ್ಲಿ ಆರೋಪ ಮಾಡೋದಲ್ಲ. ಮೊದಲು ಬರೋ ಪ್ರತಿ ಟ್ಯಾಂಕರ್ ಮುಚ್ಚಳ ತೆಗೆಸಿ ಮಟ್ಟ ನೋಡೋದು, ಸಂಪ್ ಇನ್‌ಲೆಟ್‌ಗೆ ಮೀಟರ್ ಹಾಕಿಸೋದು, ಎರಡು ವಾರ ರೀಡಿಂಗ್ ಬರೆಯೋದು. 12000 ಲೀಟರ್ ಅಂತ ಬಿಲ್ ಆದ ಟ್ಯಾಂಕರ್ ಮೀಟರಲ್ಲಿ 10500 ತೋರ್ಸಿದ್ರೆ, ಎಂಟು ಟ್ಯಾಂಕರ್‌ಗೆ ಒಂದು ಟ್ಯಾಂಕರ್ ಗಾಳಿಗೆ ದುಡ್ಡು ಕೊಟ್ಟ ಹಾಗಾಯ್ತು. ಇದನ್ನ ಒಂದು ಹಾಳೇಲಿ ಇಟ್ರೆ ಕಮಿಟಿ ಅವತ್ತೇ ತೀರ್ಮಾನ ಮಾಡತ್ತೆ.

ಹೆಜ್ಜೆ 11: ಕೂತು ಮಾತಾಡೋ ಹೊತ್ತಲ್ಲ ಅನ್ನೋ ಸಂದರ್ಭಗಳು

ಗ್ಯಾಸ್ ವಾಸನೆ, ಲಿಫ್ಟಲ್ಲಿ ಸಿಕ್ಕಾಕ್ಕೊಂಡವರು, ಪ್ಯಾನೆಲಿಂದ ಹೊಗೆ, ಇಲ್ಲಿ ಮೊದಲು ಕೆಲಸ, ಆಮೇಲೆ ಪ್ರಶ್ನೆ.

ಎಸ್‌ಟಿಪಿ ಟ್ಯಾಂಕ್, ಸಂಪ್, ಮ್ಯಾನ್‌ಹೋಲ್ ವಿಷಯದಲ್ಲಿ ಮಾತ್ರ ಬಿಡಿಸಿ ಹೇಳ್ಬೇಕು. ಕೊಳಚೆ ಟ್ಯಾಂಕಲ್ಲಿ ಹೈಡ್ರೋಜನ್ ಸಲ್ಫೈಡ್ ತುಂಬಿರತ್ತೆ, ಗಾಳಿಗಿಂತ ಭಾರ, ಕೆಳಗೇ ಕೂತಿರತ್ತೆ. ಕಮ್ಮಿ ಇದ್ದಾಗ ಕೊಳೆತ ಮೊಟ್ಟೆ ವಾಸನೆ, ಜಾಸ್ತಿ ಆದ್ರೆ ಮೂಗೇ ಮರಗಟ್ಟಿ ವಾಸನೆ ಗೊತ್ತಾಗೋದು ನಿಲ್ಲತ್ತೆ, ಹಾಗಾಗಿ "ಈಗ ವಾಸನೆ ಇಲ್ಲ, ಇಳಿ" ಅನ್ನೋ ಮಾತು ಜೀವ ತೆಗೆಯತ್ತೆ. ಬಿದ್ದವರನ್ನ ಎತ್ತೋಕೆ ಅಂತ ಇಳಿದವರೂ ಸತ್ತಿರೋದು ನಮ್ಮ ರಾಜ್ಯದಲ್ಲೇ ಆಗಿದೆ. ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಸುರಕ್ಷತಾ ಸಲಕರಣೆ ಇಲ್ಲದೆ ಜನರನ್ನ ಇಳಿಸೋದು ಮಲ ಹೊರುವ ಪದ್ಧತಿ ನಿಷೇಧಿಸೋ 2013ರ ಕಾಯ್ದೆ ಪ್ರಕಾರ ಅಪರಾಧ. ಕಾಯ್ದೆ ಒಂದು ಕಡೆ ಇರಲಿ, ನಿಮ್ಮ ಟೀಮಲ್ಲಿ ಯಾರಾದ್ರೂ "ನಾನು ಇಳಿಯಲ್ಲ ಸಾರ್" ಅಂದ್ರೆ ಅಲ್ಲಿಗೆ ಮಾತು ಮುಗೀತು, ಯಾಕೆ ಅಂತಾನೂ ಕೇಳ್ಬೇಡಿ, ಸೋಮಾರಿ ಅನ್ಬೇಡಿ, ಮಶೀನ್ ಇರೋ ಲೈಸೆನ್ಸ್ ವೆಂಡರ್‌ನ ಕರೆಸಿ.

ಹೆಣ್ಣುಮಕ್ಕಳು ಯಾರಾದ್ರೂ ಸೂಪರ್‌ವೈಸರ್ ಬಗ್ಗೆಯೋ ರೆಸಿಡೆಂಟ್ ಬಗ್ಗೆಯೋ ಕಿರುಕುಳ ಅಂತ ಹೇಳ್ಕೊಂಡ್ರೂ ಅಷ್ಟೇ, ನೀವೇ ಪಂಚಾಯ್ತಿ ಮಾಡೋಕೆ ಕೂರ್ಬೇಡಿ. ಅವರು ಎಷ್ಟು ಹೇಳ್ತಾರೋ ಅಷ್ಟು ಕೇಳಿ, ಇನ್ನೊಬ್ಬ ಹೆಂಗಸು ಜೊತೇಲಿರಲಿ, ಅಡ್ಡ ಪ್ರಶ್ನೆ ಹಾಕ್ಬೇಡಿ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡೋ ಕಡೆ ಆಂತರಿಕ ಸಮಿತಿ ಇರಲೇಬೇಕು, ಇಲ್ಲದ ಕಡೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ, ದೂರು ಅಲ್ಲಿಗೆ ಹೋಗೋಕೆ ದಾರಿ ಮಾಡ್ಕೊಡಿ. ಸಂಬಳ ಲೇಟು, ಪಿಎಫ್ ಕಟ್ ಮಾಡ್ತಾರೆ ಆದ್ರೆ ಕಟ್ಟಿಲ್ಲ ಅಂತ ಬಂದ್ರೆ ಏಜೆನ್ಸಿ ಬಿಲ್ ಪಾಸ್ ಮಾಡೋಕೆ ಮುಂಚೆ ಪಿಎಫ್ ಕಟ್ಟಿದ ಚಲನ್ ಕೇಳಿ, ಅದು ನಿಮ್ಮ ಕೈಯಲ್ಲೇ ಇದೆ.

ಹೆಜ್ಜೆ 12: ಶುರುವಾದ ಮೇಲೆ ಏನಾಗತ್ತೆ, ನೀವು ಬಿಟ್ಟು ಹೋಗೋವಾಗ ಏನು ಮಾಡ್ಬೇಕು

ಮೊದಲ ಎರಡು ಮೂರು ತಿಂಗಳು ದೂರು ಜಾಸ್ತಿ ಆಗತ್ತೆ, ಗಾಬರಿ ಬೀಳ್ಬೇಡಿ. ಮುಂಚೆ ಇದ್ದಿದ್ದೇ ಈಗ ಬಾಯಿಗೆ ಬರ್ತಿದೆ. ಕಮಿಟಿಗೆ ಇದನ್ನ ಮೊದಲೇ ಹೇಳಿಡಿ, ಇಲ್ಲಾಂದ್ರೆ ಹೊಸ ಮ್ಯಾನೇಜರ್ ಬಂದ್ಮೇಲೆ ಎಲ್ಲ ಹಾಳಾಯ್ತು ಅಂತಾರೆ. ನೀವು ನೋಡ್ಬೇಕಾದ್ದು ದೂರಿನ ಸಂಖ್ಯೆ ಅಲ್ಲ, ಯಾವ ಹಂತದಲ್ಲಿ ಸುದ್ದಿ ಬಂತು ಅನ್ನೋದು. ಪಂಪ್ ಸುಟ್ಟ ಮೇಲೆ ಬಂತಾ, ಸೌಂಡ್ ಬದಲಾದಾಗಲೇ ಬಂತಾ? ನೋಟ್‌ಬುಕ್ ತಿರುವಿ ಹಾಕಿದ್ರೆ ಗೊತ್ತಾಗತ್ತೆ.

ಕಮಿಟಿ ವರ್ಷಕ್ಕೋ ಎರಡು ವರ್ಷಕ್ಕೋ ಬದಲಾಗತ್ತೆ, ಏಜೆನ್ಸಿ ಬದಲಾಗತ್ತೆ, ನೀವೂ ಒಂದಿನ ಬೇರೆ ಸೈಟಿಗೆ ಹೋಗ್ತೀರಿ. ಹ್ಯಾಂಡೋವರ್ ಫೈಲಲ್ಲಿ ಎಎಂಸಿ (ವಾರ್ಷಿಕ ಮೇಂಟೆನೆನ್ಸ್ ಒಪ್ಪಂದ), ವಾರಂಟಿ, ಬೀಗದ ಕೈ ಪಟ್ಟಿ ಎಲ್ಲ ಇರತ್ತೆ. ಅದರ ಜೊತೆ ಎರಡು ಪುಟ ಕೈಯಲ್ಲೇ ಬರೆದು ಸೇರಿಸಿ: ಯಾವ ಜಾಗದ ಸುದ್ದಿ ಯಾರಿಗೆ ಚೆನ್ನಾಗಿ ಗೊತ್ತು, ಯಾರ ಜೊತೆ ಯಾವ ಹೊತ್ತಲ್ಲಿ ಮಾತಾಡಿದ್ರೆ ಒಳ್ಳೇದು, ಯಾರಿಗೆ ಯಾವ ಭಾಷೆ ಸಲೀಸು, ಯಾರಿಗೆ ಏನು ಮಾತು ಕೊಟ್ಟಿದ್ದೀರಿ ಅದರಲ್ಲಿ ಯಾವುದು ಇನ್ನೂ ಬಾಕಿ. ಗುಟ್ಟಾಗಿ ಹೇಳ್ಕೊಂಡಿದ್ದು ಮಾತ್ರ ಬರೀಬೇಡಿ. ಹೊಸಬರನ್ನ ಕರ್ಕೊಂಡು ಒಂದು ಬೆಳಗ್ಗೆ ಪಂಪ್ ರೂಮಿಂದ ಟೆರೇಸ್‌ವರೆಗೂ ಒಟ್ಟಿಗೆ ಒಂದು ರೌಂಡ್ ಹೋಗಿ, ಪ್ರತಿಯೊಬ್ಬರನ್ನೂ ಹೆಸರು ಹೇಳಿ ಪರಿಚಯ ಮಾಡ್ಸಿ, ಬಾಕಿ ಇರೋ ಕೆಲಸ ಅವರ ಎದುರೇ ಹೊಸಬರಿಗೆ ಒಪ್ಪಿಸಿ.